ಕೆಂಪು ರಸ್ತೆಯಿಂದ ಕುದೂರಿಗೆ

ಡಾರ್ವಿನ್, ಆಸ್ಟ್ರೇಲಿಯಾ
8 ಜೂನ್ 2025

ನಮ್ಮ ಮನೆಯವರಿಗೆ,

ಮದುವೆಯಾಗಿ ಮೂವತ್ತಾರು ವರ್ಷಕ್ಕೆ ನಿಮಗೆ ಮೊದಲ ಕಾಗದ ಬರೆಯುತ್ತಿದ್ದೇನೆ, ನಗಬೇಡಿ. ನಾಳೆಯಿಂದ ನಾವು ಹೋಗುವ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲವಂತೆ. ದಾರಿಯಲ್ಲಿ ಎಲ್ಲೋ ಒಂದು ಪೆಟ್ರೋಲ್ ಬಂಕು ಸಿಕ್ಕಾಗ ಅಲ್ಲಿಯ ವೈಫೈನಲ್ಲಿ ಬರೆದದ್ದು ಹೋಗುತ್ತದೆ, ಮಾತು ಹೋಗುವುದಿಲ್ಲ ಎಂದು ಸುಹಾನಾ ಹೇಳಿದಳು. ಆದ್ದರಿಂದ ಈ ಇಮೇಲು.

ಸುಖವಾಗಿ ಬಂದು ಸೇರಿದೆವು. ಲತಾಮಣಿ ಹಟ ಮಾಡಿ ಕಿಟಕಿ ಪಕ್ಕದ ಸೀಟು ತೆಗೆದುಕೊಂಡು, ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಮೂರು ವರ್ಷದ ಮೇಲೆ ಮಗಳು ಸುಹಾನಾಳನ್ನು ಕಂಡು ಕೆಹಕಶಾನ್ ವಿಮಾನ ನಿಲ್ದಾಣದಲ್ಲೇ ಅತ್ತುಬಿಟ್ಟಳು. ನಾವು ಮೂವರೂ ರಾಮನಗರದ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸುಗಳಾಗಿದ್ದಾಗ ಈ ಸುಹಾನಾ ಶಾಲೆ ಬಿಟ್ಟ ಮೇಲೆ ಬಂದು ನಮ್ಮ ಮೇಜಿನ ಕೆಳಗೆ ಕೂತು ಮಗ್ಗಿ ಬರೆಯುತ್ತಿದ್ದವಳು. ಈಗ ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. "ಮೂರು ಜನಾನೂ ರಿಟೈರ್ ಆದ್ರಲ್ಲ ಆಂಟಿ, ಇನ್ನೂ ಯಾರಿಗೋಸ್ಕರ ಮನೇಲಿ ಕೂತಿದ್ದೀರಾ?" ಎಂದು ಇವಳು ಕೇಳಿದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು.

ಬಾಡಿಗೆ ಗಾಡಿ ಇವತ್ತು ಬಂತು. ನಾಲ್ಕೂ ಚಕ್ರ ಎಳೆಯುವಂಥದ್ದು, ನಮ್ಮ ಜೀಪಿನ ಒಂದೂವರೆಯಷ್ಟಿದೆ. ಎಂಜಿನ್ನಿಗೆ ನೀರು ಹೋಗದಂತೆ ಪಕ್ಕದಲ್ಲಿ ಆನೆಯ ಸೊಂಡಿಲು ಎತ್ತಿದ ಹಾಗೆ ಒಂದು ಕೊಳವೆ. ಮೇಲೆ ಬಿಚ್ಚುವ ಡೇರೆ. ಇಲ್ಲಿಂದ ಪಶ್ಚಿಮಕ್ಕೆ ಕಿಂಬರ್ಲಿ ಎಂಬ ಕಾಡುಬಯಲನ್ನು ದಾಟಿ ಬ್ರೂಮ್ ಎಂಬ ಸಮುದ್ರದ ಊರಿಗೆ ಹೋಗಿ ಗಾಡಿ ಒಪ್ಪಿಸಬೇಕು.

ಗಾಡಿಯನ್ನು ಸುಹಾನಾ ಓಡಿಸುತ್ತಾಳೆ, ನೀವು ಯೋಚನೆ ಮಾಡಬೇಡಿ. ಅತ್ತೆಗೆ ಬಿ.ಪಿ. ಮಾತ್ರೆ ರಾತ್ರಿ ಊಟದ ಮೇಲೆ, ಮರೆಯಬೇಡಿ.

ನಿಮ್ಮ
ಧನಲಕ್ಷ್ಮಿ

*

ಕುದೂರು
10 ಜೂನ್ 2025

ಲಕ್ಷ್ಮಿ,

ಕಾಗದ ಬಂತು. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡು ಓದಿದೆ.

ಅವ್ವ ಚೆನ್ನಾಗಿದ್ದಾಳೆ. "ನಿನ್ನ ಸೊಸೆಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ?" ಎಂದು ಅವಳನ್ನು ಕೇಳಿದೆ. "ನಿಂಗ್ಯಾಕ್ಲಾ ಹೊಟ್ಟೆಕಿಚ್ಚು? ನಂಗೂ ಕಾಲು ಗಟ್ಟಿಯಾಗಿದ್ದಿದ್ರೆ ನಾನೂ ಹೋಯ್ತಿದ್ದೆ" ಎಂದಳು. ನಮ್ಮವ್ವ ದೊಡ್ಡಲಕ್ಷ್ಮಮ್ಮನವರ ತೀರ್ಪು ಆಯಿತು, ಇನ್ನು ನನ್ನದೇನಿದೆ.

ನಾನು ಬೇಡ ಎಂದದ್ದು ಖರ್ಚಿಗಲ್ಲ. ಆ ದೇಶದ ರಸ್ತೆ ನನಗೆ ಗೊತ್ತಿಲ್ಲ, ಓಡಿಸುವ ಹುಡುಗಿಯ ಕೈ ಹೇಗೋ ಅದೂ ಗೊತ್ತಿಲ್ಲ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವನಿಗೆ ಬೇರೆಯವರ ಕೈಯಲ್ಲಿ ಹೆಂಡತಿಯನ್ನು ಕೂರಿಸಿ ಕಳಿಸುವುದು ಎಷ್ಟು ಕಷ್ಟ ಎಂದು ನಿನಗೆ ತಿಳಿಯುವುದಿಲ್ಲ. ನೀನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತುಕೋ. ಬೆಲ್ಟು ಹಾಕಿಕೋ. ಸುಹಾನಾಗೆ ತೂಕಡಿಕೆ ಬಂದರೆ ಮಾತಾಡಿಸುತ್ತಿರು.

ಗುಡೇಮಾರನಹಳ್ಳಿ ಹೊಲಕ್ಕೆ ನಿನ್ನೆ ಬಸ್ಸಿನಲ್ಲಿ ಹೋಗಿ ಬಂದೆ. ಡೀಸೆಲ್ ದಂಡ ಎಂದು ಜೀಪು ತೆಗೆಯಲಿಲ್ಲ.

ಯೋಗಾನಂದ

*

ಕುನುನುರಾ ದಾಟಿ, ಒಂದು ಪೆಟ್ರೋಲ್ ಬಂಕಿನಿಂದ
14 ಜೂನ್ 2025

ನಮ್ಮ ಮನೆಯವರಿಗೆ,

ಟಾರು ರಸ್ತೆ ಇಲ್ಲಿಗೆ ಮುಗಿಯಿತು. ಮುಂದೆಲ್ಲ ಮಣ್ಣು. ಮಾಗಡಿ ಕಡೆಯ ಕೆಮ್ಮಣ್ಣು ಕಂಡಿದ್ದೇನೆ, ಆದರೆ ಇದು ಕುಂಕುಮ ಕಲಸಿದ ಹಾಗಿದೆ. ಬಟ್ಟೆ, ಕೂದಲು, ಚಹಾದ ಲೋಟ ಎಲ್ಲಕ್ಕೂ ಹತ್ತಿಕೊಂಡಿದೆ. ರಸ್ತೆ ತುಂಬ ಅಡ್ಡಡ್ಡ ಅಲೆ, ತಗಡಿನ ಶೀಟಿನ ಮೇಲೆ ಓಡಿಸಿದಂತೆ. ಚಕ್ರದ ಗಾಳಿ ಇಳಿಸಿಕೊಂಡು ಹೋಗಬೇಕು. ಹೊಟ್ಟೆ ಊದಿಕೊಂಡಂಥ ಮರಗಳು, ಬೋಬ್ ಅಂತೆ, ಒಂದೊಂದೂ ಬಸುರಿ ನಿಂತ ಹಾಗಿದೆ. ಅವನ್ನು ನೋಡಿ ಲತಾಮಣಿ, "ಇದು ಎಂಟು ತಿಂಗ್ಳು, ಇದು ತುಂಬಿದ್ದು, ಇವತ್ತೇ ಅಡ್ಮಿಟ್ ಮಾಡ್ಕೋಬೇಕು" ಎಂದು ಹೇಳುತ್ತಾ ಬಂದಳು. ನಕ್ಕು ನಕ್ಕು ನಮಗೆ ಸಾಕಾಯಿತು.

ನಿನ್ನೆ ಸಂಜೆ ಹೊಳೆ ಪಕ್ಕ ಡೇರೆ ಹಾಕಿ ಮುದ್ದೆ ಮಾಡಿದೆವು. ಡಾರ್ವಿನ್ನಿನ ಇಂಡಿಯನ್ ಅಂಗಡಿಯಲ್ಲಿ ರಾಗಿಹಿಟ್ಟು ಸಿಕ್ಕಿತ್ತು. ಕೋಲು ಇರಲಿಲ್ಲ, ಡೇರೆಯ ಮರದ ಗೂಟ ತೊಳೆದು ಅದರಲ್ಲೇ ತಿರುವಿದೆ. ಪಕ್ಕದ ಡೇರೆಯ ಮುದುಕ ಗಂಡಹೆಂಡಿರು ಬಂದು ನೋಡಿದರು. ಕೆಹಕಶಾನ್ ಒಂದು ತುಂಡು ಸಾರಿನಲ್ಲಿ ಅದ್ದಿ ಕೊಟ್ಟಳು. ಆತ ಅಗಿಯುತ್ತಾ ಕೂತುಬಿಟ್ಟ. "ಅಗೀಬೇಡಿ, ನುಂಗಿ" ಎಂದು ನಾಲ್ಕೂ ಜನ ಕೂಗಿದೆವು.

ಫೋಟೋ ಕಳಿಸಿದ್ದೇನೆ, ನೋಡಿ. ಸುಹಾನಾ ಚೆನ್ನಾಗಿ ಓಡಿಸುತ್ತಾಳೆ.

ಧನಲಕ್ಷ್ಮಿ

*

ಕುದೂರು
15 ಜೂನ್ 2025

ಲಕ್ಷ್ಮಿ,

ಫೋಟೋ ನೋಡಿದೆ. ಸ್ಟೇರಿಂಗ್ ಕಡೆಯ ಬಾಗಿಲು ಹಿಡಿದು, ತಲೆಗೆ ಟೋಪಿ ಹಾಕಿಕೊಂಡು ಒಳ್ಳೆ ಪೋಸು ಕೊಟ್ಟಿದ್ದೀಯ. ಅವ್ವನಿಗೆ ತೋರಿಸಿದೆ. "ಇವ್ಳೇ ಓಡುಸ್ತಾವ್ಳೆ ಕಣ್ಲಾ" ಎಂದಳು. ಫೋಟೋಕ್ಕೆ ಯಾರು ಬೇಕಾದರೂ ನಿಲ್ಲಬಹುದು ಎಂದೆ.

ನೀನು ಕಲಿತದ್ದು ಐವತ್ತೆರಡಕ್ಕೆ, ನನಗೆ ಹೇಳದೆ, ಮಾಗಡಿಯ ಡ್ರೈವಿಂಗ್ ಸ್ಕೂಲಿನಲ್ಲಿ. ಹೊಲಕ್ಕೆ ಜೀಪು ತೆಗೆದುಕೊಂಡು ಹೋಗಿ ಬರುತ್ತೀಯ, ಸರಿ. ಕುದೂರಿನ ರಸ್ತೆ ಬೇರೆ, ಅದು ಬೇರೆ.

ಅಲ್ಲಿ ಹೊಳೆಗಳಿಗೆ ಸೇತುವೆ ಇಲ್ಲ ಎಂದು ಟೀವಿಯಲ್ಲಿ ನೋಡಿದೆ. ಸುಹಾನಾಗೆ ಹೇಳು: ನೀರಿಗೆ ಇಳಿಯುವ ಮೊದಲೇ ಗೇರು ಹಾಕಿಕೊಳ್ಳಬೇಕು, ನಡುವೆ ಬದಲಿಸಬಾರದು, ಕ್ಲಚ್ಚಿನ ಮೇಲೆ ಕಾಲು ಇಡಬಾರದು, ಎಕ್ಸಲರೇಟರು ಬಿಡಬಾರದು. ನೀರು ಎಲ್ಲಿ ಗಲಗಲ ಎನ್ನುತ್ತದೋ ಅಲ್ಲಿ ಕಲ್ಲಿದೆ, ಆಳ ಇಲ್ಲ. ಎಲ್ಲಿ ಕನ್ನಡಿಯ ಹಾಗೆ ಸುಮ್ಮನಿದೆಯೋ ಅಲ್ಲಿ ನಂಬಬಾರದು. ಅರ್ಕಾವತಿ ತುಂಬಿದ ವರ್ಷ ಐವತ್ತು ಜನರನ್ನು ಕೂರಿಸಿಕೊಂಡು ದಾಟಿಸಿದ್ದು ಹಾಗೆ.

ಇಲ್ಲಿ ನೀನು ಎಲ್ಲಿ ಎಂದು ಕೇಳಿದವರಿಗೆ ಏನು ಹೇಳಬೇಕೋ ಹೇಳಿದ್ದೇನೆ.

ಯೋಗಾನಂದ

*

ಕುದೂರು
18 ಜೂನ್ 2025

ಲಕ್ಷ್ಮಿ,

ಉತ್ತರ ಇಲ್ಲ. ಸಿಗ್ನಲ್ ಇರುವುದಿಲ್ಲ ಎಂದು ನೀನು ಬರೆದಿದ್ದೆ, ನೆನಪಿದೆ. ಆದರೂ ಅವ್ವ ಗಳಿಗೆಗೊಂದು ಸಲ ಕೇಳುತ್ತಾಳೆ, ಅದಕ್ಕೆ ಬರೆದೆ.

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ನಟರಾಜು ಸಿಕ್ಕಿದ್ದ. ನನ್ನ ಜೊತೆ ಕಂಡಕ್ಟರಾಗಿದ್ದವನ ಬಾಯಿ ನಿನಗೆ ಗೊತ್ತಲ್ಲ. ಹತ್ತು ಜನರ ಮುಂದೆ, "ಏನ್ಲಾ ಯೋಗ, ಅತ್ಗೆ ಮೈಸೂರ್ನಾಗೆ ಅಕ್ಕನ್ ಮನೇಲವ್ರೆ ಅಂದಿದ್ದೆ? ನಿಮ್ಮವ್ವ ನೋಡುದ್ರೆ ಬೀದಿಗೆಲ್ಲ ಆಸ್ಟ್ರೇಲಿಯಾ ಅಂತಾವ್ರೆ!" ಎಂದ.

ಹೌದು, ಹಾಗೆ ಹೇಳಿದ್ದೆ. ಅರವತ್ತು ವರ್ಷದ ಹೆಂಗಸು ಗಂಡನನ್ನು ಬಿಟ್ಟು ಗೆಳತಿಯರ ಜೊತೆ ಡೇರೆಯಲ್ಲಿ ಮಲಗಲು ಹೋಗಿದ್ದಾಳೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಗೆ ಹೇಳಲಿ? ಎದ್ದು ಬಂದೆ.

ಕಾಗದ ಸಿಕ್ಕ ಕೂಡಲೇ ಬರೆ.

*

ಕುದೂರು
20 ಜೂನ್ 2025

ಲಕ್ಷ್ಮಿ,

ಸಿಟ್ಟಾಗಿದ್ದರೆ ಆಗಿರು. ಇದ್ದೀನಿ ಅಂತ ಒಂದು ಪದ ಬರೆ, ಸಾಕು. ಸುಹಾನಾ ನಂಬರಿಗೂ ಮಾಡಿದೆ, ಹೋಗುತ್ತಿಲ್ಲ. ಅವ್ವ ಮುದ್ದೆ ಮುರಿದಿಟ್ಟು ಎದ್ದುಹೋದಳು.

*

ದಾರಿಯ ಬಂಕಿನಿಂದ
21 ಜೂನ್ 2025

ನಮ್ಮ ಮನೆಯವರಿಗೆ,

ಮೊದಲು ಒಂದು ಮಾತು. ನಾವು ನಾಲ್ಕೂ ಜನ ಬದುಕಿದ್ದೇವೆ, ನನಗೆ ಒಂದು ಗೀರೂ ಆಗಿಲ್ಲ. ಇನ್ನು ನಿಧಾನವಾಗಿ ಓದಿ. ನಿಮ್ಮ ಮೂರೂ ಕಾಗದ ಈಗ ಒಟ್ಟಿಗೆ ಸಿಕ್ಕವು.

ಬುಧವಾರ ಬೆಳಿಗ್ಗೆ ಒಂದು ಕಣಿವೆಯ ಜಲಪಾತ ನೋಡಲು ಹೋಗಿದ್ದೆವು. ವಾಪಸ್ ಬರುವಾಗ ಪಾಚಿಗಲ್ಲಿನ ಮೇಲೆ ಸುಹಾನಾ ಜಾರಿದಳು. ಬಲಗಾಲು ಎರಡು ಬಂಡೆಯ ನಡುವೆ ಸಿಕ್ಕಿ ಪಾದ ಒಂದು ಕಡೆ, ಮೊಣಕಾಲು ಒಂದು ಕಡೆ ಆಯಿತು. ಕೂಗಿದ್ದು ಅವಳಲ್ಲ, ಕೆಹಕಶಾನ್. ಸಾವಿರಾರು ಹೆರಿಗೆ ಮಾಡಿಸಿದವಳು ಮಗಳ ಕಾಲು ಮುಟ್ಟಲಾರದೆ ನನ್ನನ್ನು ಮುಂದೆ ತಳ್ಳಿದಳು. ನಾನು ಪಾದದ ಮೇಲೆ ನಾಡಿ ಹುಡುಕಿದೆ. ಸಿಗಲಿಲ್ಲ. ಬೆರಳುಗಳು ತಣ್ಣಗಾಗುತ್ತಿದ್ದವು. ರಕ್ತ ಇಳಿಯುತ್ತಿಲ್ಲ, ತಡವಾದರೆ ಪಾದ ಹೋಗುತ್ತದೆ ಎಂದು ಅಲ್ಲಿದ್ದ ನಾಲ್ಕೂ ನರ್ಸುಗಳಿಗೆ ಗೊತ್ತಾಯಿತು.

ಹತ್ತಿರದಲ್ಲೇ ನಿಂತಿದ್ದ ಗಾಡಿಯಲ್ಲಿ ತುರ್ತಿಗೆಂದು ಕೊಟ್ಟ ಸ್ಯಾಟಲೈಟ್ ಫೋನಿತ್ತು. ಆ ಕಡೆಯ ಡಾಕ್ಟರು ಹೇಳಿಕೊಟ್ಟಂತೆ ಲತಾಮಣಿ ಪಾದವನ್ನು ಮೆಲ್ಲಗೆ ಎಳೆದು ನೇರ ಮಾಡಿದಳು. ಮಲಗುವ ಚಾಪೆ ಸುತ್ತಿ, ಡೇರೆಯ ಸರಳು ಇಟ್ಟು ಕಟ್ಟಿ, ಮೂವರೂ ಎತ್ತಿ ಗಾಡಿಗೆ ತಂದೆವು. ನಾಡಿ ಎಳೆಯಷ್ಟು ಬಂತು, ಮತ್ತೆ ಮಂಕಾಯಿತು. ಮುಂದಿನ ಹೊಳೆಯ ಆಚೆ ಒಂದು ದನದ ಫಾರಂ ಇದೆ, ಅಲ್ಲಿ ವಿಮಾನ ಇಳಿಯುವ ಜಾಗ ಇದೆ, ಅಲ್ಲಿಗೆ ಬಂದುಬಿಟ್ಟರೆ ವಿಮಾನ ಕಳಿಸುತ್ತೇವೆ ಎಂದರು ಡಾಕ್ಟರು. "ಗಾಡಿ ಓಡಿಸಲು ನಿಮ್ಮಲ್ಲಿ ಯಾರಿದ್ದಾರೆ?" ಎಂದು ಕೇಳಿದರು.

ಈಗ ನಿಮಗೆ ಹೇಳಬೇಕಾದ್ದು. ಬರುವ ಮೊದಲೇ ರಾಮನಗರದ ಆರ್.ಟಿ.ಓ. ಆಫೀಸಿನಲ್ಲಿ ಹೊರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ ಮಾಡಿಸಿಕೊಂಡಿದ್ದೆ. ಬಾಡಿಗೆ ಕರಾರಿನಲ್ಲಿ ಎರಡನೆಯ ಡ್ರೈವರ್ ಎಂದು ನನ್ನ ಹೆಸರಿದೆ. ಡಾರ್ವಿನ್ ಬಿಟ್ಟ ದಿನದಿಂದ ಅರ್ಧ ದಾರಿ ಸುಹಾನಾ, ಅರ್ಧ ನಾನು. ಅವಳು ಚೆನ್ನಾಗಿ ಓಡಿಸುತ್ತಾಳೆ ಎಂದು ಬರೆದದ್ದು ಸುಳ್ಳಲ್ಲ. ಉಳಿದದ್ದು ಬರೆಯಲಿಲ್ಲ. ಬರೆದಿದ್ದರೆ ನೀವು ಅಲ್ಲಿ ನಿದ್ದೆ ಮಾಡುತ್ತಿರಲಿಲ್ಲ, ನಾನು ಇಲ್ಲಿ ನಿಮ್ಮ ಗಾಬರಿಯನ್ನೇ ನೆನೆಸಿಕೊಂಡು ಸ್ಟೇರಿಂಗ್ ಹಿಡಿಯಬೇಕಿತ್ತು. ಫೋಟೋ ನೋಡಿ ಅತ್ತೆ ಹೇಳಿದ್ದೇ ಸರಿ.

ಹೊಳೆ ಅಗಲವಾಗಿತ್ತು. ದಡದಲ್ಲಿ ಮೊಸಳೆಯ ಬೋರ್ಡು. ಬೇರೆ ಕಡೆಯಾದರೆ ಮೊದಲು ಕಾಲಲ್ಲಿ ಇಳಿದು ಆಳ ನೋಡುತ್ತಾರೆ, ಇಲ್ಲಿ ಅದು ಆಗುವ ಮಾತಲ್ಲ. ಮುಂದೆ ಹೋಗುವ ಗಾಡಿಯ ಜಾಡು ನೋಡೋಣವೆಂದರೆ ಒಂದೂ ಬರಲಿಲ್ಲ. ಹಿಂದಿನ ಸೀಟಿನಿಂದ ಕೆಹಕಶಾನ್, "ಧನಾ, ನೀನು ಬೇಡ ಅಂದ್ರೆ ಇಲ್ಲೇ ಕಾಯೋಣ ಕಣೇ, ನಾನು ಏನೂ ಅನ್ಕೊಳಲ್ಲ" ಎಂದಳು. ಮಗಳ ಪಾದ ಅವಳ ಎರಡು ಕೈಯಲ್ಲಿತ್ತು.

ರೀ, ನೀವು ನನಗೆ ಯಾವತ್ತೂ ಗಾಡಿ ಕಲಿಸಲಿಲ್ಲ. ಆದರೆ ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತಾಗ ದಿನಾ ರಸ್ತೆಯ ಸುದ್ದಿ ಹೇಳುತ್ತಿದ್ದಿರಿ. ನಾನು ಸಾರು ಬಡಿಸುತ್ತಾ ಕೇಳುತ್ತಿದ್ದೆ. ಅರ್ಕಾವತಿಯ ಕತೆ ಎಷ್ಟು ಸಲ ಕೇಳಿದ್ದೇನೋ! ನೀರು ನೋಡುತ್ತಾ ನಿಂತೆ. ಎಡಗಡೆ ಸುಮ್ಮನೆ ಹಸಿರಾಗಿ ಹೊಳೆಯುತ್ತಿತ್ತು. ನಡುವೆ ಓರೆಯಾಗಿ ಒಂದು ಪಟ್ಟಿಯುದ್ದಕ್ಕೂ ನೀರು ಒಡೆದು ಸದ್ದು ಮಾಡುತ್ತಿತ್ತು. ನೇರ ಹೋಗಬಾರದು, ಆ ಪಟ್ಟಿ ಹಿಡಿದೇ ಸುತ್ತಿ ಹೋಗಬೇಕು ಎಂದುಕೊಂಡೆ. ನೀರು ಎಂಜಿನ್ನಿಗೆ ನುಗ್ಗದಂತೆ ಗಾಡಿಯ ಮೂತಿಗೆ ಟಾರ್ಪಾಲು ಕಟ್ಟಿದೆವು. ಮುಳುಗಿದರೆ ಹೊರಬರಲೆಂದು ಕಿಟಕಿ ಇಳಿಸಿದೆವು, ಬೆಲ್ಟು ಬಿಚ್ಚಿದೆವು. ಗೇರು ಹಾಕಿ ಇಳಿದೆ.

ನೀರು ಬಾನೆಟ್ಟಿನ ತನಕ ಬಂತು. ಬಾಗಿಲ ಸಂದಿಯಿಂದ ಒಳಗೆ ಬಂದು ಚಪ್ಪಲಿ ತೇಲಿಸಿತು. ನಡುವೆ ಬಲಚಕ್ರ ಒಂದು ಗುಂಡುಕಲ್ಲಿನಿಂದ ಜಾರಿ ಗಾಡಿ ವಾಲಿತು. ಲತಾಮಣಿ, "ಧನಾ, ನಿಲ್ಸೇ, ನಿಲ್ಸೇ!" ಎಂದು ನನ್ನ ತೋಳು ಹಿಡಿದಳು. ಕ್ಲಚ್ಚಿನ ಕಡೆಗೆ ಕಾಲು ತಾನಾಗಿ ಎದ್ದಿತು. "ಕೈ ಬುಡೇ!" ಎಂದು ಗದರಿದೆ. ಅವಳಿಗೋ ನನ್ನ ಕಾಲಿಗೋ ಗೊತ್ತಿಲ್ಲ. ಕಾಲು ಹಿಂದಕ್ಕೆ ಸರಿಯಿತು. ಎಕ್ಸಲರೇಟರು ಬಿಡಲಿಲ್ಲ. ಗಾಡಿ ತಿಣುಕಿ, ಕಲ್ಲು ಹತ್ತಿ, ದಡಕ್ಕೆ ಬಂತು. ಹಿಂದಿನಿಂದ ನೋವಿನಲ್ಲೂ ಸುಹಾನಾ, "ಆಂಟಿ, ಸೂಪರ್" ಎಂದಳು. ಆಮೇಲೆ ನಾಲ್ಕೂ ಜನ ಅತ್ತೆವು. ಗಾಡಿ ಮಾತ್ರ ನಿಲ್ಲಿಸಲಿಲ್ಲ.

ಮಣ್ಣಿನ ಮೈದಾನದಲ್ಲಿ ವಿಮಾನ ಇಳಿಯಿತು. ಅದರಲ್ಲಿ ರೋಗಿಯ ಜೊತೆ ಒಬ್ಬರಿಗಷ್ಟೇ ಜಾಗ, ಕೆಹಕಶಾನ್ ಹತ್ತಿದಳು. ಫಾರಂನ ಯಜಮಾನಿ ಒಳ್ಳೆಯವಳು. ಗಾಡಿ ಇಲ್ಲೇ ಬಿಡಿ, ವಾರದಲ್ಲಿ ನಮ್ಮವರು ಯಾರಾದರೂ ಬ್ರೂಮಿಗೆ ಹೋಗುವಾಗ ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ ಎಂದಳು. ಲತಾಮಣಿಗೆ ಸ್ಕೂಟರೂ ಬರುವುದಿಲ್ಲ. ಅವಳ ಮುಖ ನೋಡಿದೆ. "ನಾನು ಓಡುಸ್ತೀನಿ, ನೀನು ಹಾಡು ಹೇಳು" ಎಂದೆ. ಹೊರಟೆವು.

ನಿನ್ನೆ ಒಂದು ಮೂಲನಿವಾಸಿಗಳ ಹಳ್ಳಿಯ ಕ್ಲಿನಿಕ್ಕಿನಲ್ಲಿ ಕುಡಿಯುವ ನೀರು ತುಂಬಿಸಿಕೊಂಡೆವು. ಅಲ್ಲಿಯ ನರ್ಸಮ್ಮ ಬ್ರೂಮಿನ ಆಸ್ಪತ್ರೆಗೆ ಫೋನು ಮಾಡಿ ಕೇಳಿ ಹೇಳಿದಳು: ಆಪರೇಷನ್ ಆಗಿದೆ. ಪಾದ ಉಳಿಯಿತು.

ನೀರಲ್ಲಿ ಗೇರು ಬದಲಿಸಬಾರದು ಎಂದು ನೀವು ಬರೆದ ಕಾಗದವನ್ನು ಈಗ ಓದಿದೆ, ದಾಟಿ ಮೂರು ದಿನವಾದ ಮೇಲೆ. ಜೋರಾಗಿ ನಕ್ಕೆ. ಬಂಕಿನವನು ಹೆದರಿ ನೋಡಿದ. ಅತ್ತೆಗೆ ಊಟ ಮಾಡಲು ಹೇಳಿ.

ನಿಮ್ಮ
ಧನಲಕ್ಷ್ಮಿ

*

ಕುದೂರು
22 ಜೂನ್ 2025

ಲಕ್ಷ್ಮಿ,

ನಿನ್ನ ಕಾಗದ ಬಂದಾಗ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿದ್ದೆ. ಓದುತ್ತಾ ಓದುತ್ತಾ ನಿಂತುಬಿಟ್ಟೆನಂತೆ, ಚಹಾ ಅಂಗಿಯ ಮೇಲೆ ಚೆಲ್ಲಿದ್ದು ನನಗೆ ಗೊತ್ತಿಲ್ಲ. ನಟರಾಜು, "ಏನ್ಲಾ, ಏನಾಯ್ತ್ಲಾ?" ಎಂದ. ಫೋನು ಅವನ ಕೈಗೆ ಕೊಟ್ಟು, "ಗಟ್ಟಿಯಾಗಿ ಓದು, ಟಿಕೆಟ್ ಕೂಗ್ತಿದ್ದಂಗೆ ಓದು" ಎಂದೆ.

ಓದಿದ. ಮಾಗಡಿ ಬಸ್ಸು ಬಂದು ನಿಂತು ಹೋಯಿತು, ಹತ್ತಬೇಕಾದವರು ಹತ್ತಲಿಲ್ಲ. ಹೊಳೆಯ ನಡುವೆ ಗಾಡಿ ವಾಲಿದ ಕಡೆ ಬಂದಾಗ ನಟರಾಜು ಎದ್ದು ನಿಂತು ಓದತೊಡಗಿದ. ಮುಗಿದ ಮೇಲೆ ಹಿಂದಿನಿಂದ ಯಾರೋ ಒಬ್ಬ, "ಏನೋ ಅದೃಷ್ಟ, ದಾಟ್ಬುಟ್ರು. ಹೆಂಗುಸ್ರು ಕೈಗೆ ಅಂಥ ಗಾಡಿ ಕೊಡ್ಬಾರ್ದು" ಎಂದ. ನಾನು ತಿರುಗಿ ಹೇಳಿದೆ: "ಅದೃಷ್ಟ ಅಲ್ಲ ಕಣಯ್ಯ. ಮೂವತ್ತೊರ್ಸ ಸ್ಟೇರಿಂಗ್ ಹಿಡ್ದೋನು ಹೇಳ್ತೀನಿ ಕೇಳು. ಗೊತ್ತಿಲ್ದಿರೋ ನೀರು, ಮೊಸಳೆ, ಹಿಂದ್ಗಡೆ ಒದ್ದಾಡ್ತಿರೋ ಮಗು. ನಾನಾಗಿದ್ರೆ ಇಳೀತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ಅವ್ಳು ಇಳುದ್ಲು. ನನ್ ಹೆಂಡ್ತಿ ಮೈಸೂರ್ಗೆ ಹೋಗಿಲ್ಲ. ನಾನು ಸುಳ್ಳು ಹೇಳ್ದೆ."

ಚಹಾ ಎಲ್ಲರಿಗೂ ಕೊಡಿಸಿದೆ. ಮನೆಗೆ ಬಂದು ಅವ್ವನಿಗೂ ಓದಿ ಹೇಳಿದೆ. ಅವಳು ಬೀದಿಗಿಳಿದವಳು ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ. ಇದನ್ನು ಎದುರಿಗೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ, ಕಾಗದದಲ್ಲಾದರೆ ಆಗುತ್ತದೆ. ಯುಗಾದಿ ಕಳೆದ ಮೇಲೆ ರಾಮನಗರದಲ್ಲಿ ಕಣ್ಣಿನ ಡಾಕ್ಟರನ್ನು ಕಂಡೆ. ಗ್ಲುಕೋಮಾ. ಎದುರಿಗಿರುವುದು ಕಾಣುತ್ತದೆ, ಬಲಗಡೆಯ ಅಂಚು ಹೋಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ, ಗಾಡಿ ಮುಟ್ಟಬೇಡಿ ಎಂದರು. ಜೀಪು ತೆಗೆಯದಿದ್ದುದು ಡೀಸೆಲ್ಲಿಗಲ್ಲ. ನೀನು ಕರೆದಾಗ ಮಂಡಿ ನೋವು ಎಂದು ಬರದಿದ್ದುದೂ ಮಂಡಿಗಲ್ಲ. ಗಾಡಿಯಲ್ಲಿ ಸುಮ್ಮನೆ ಕೂತು ಬರುವ ಗಂಡಸಾಗಿ ನಿನ್ನ ಗೆಳತಿಯರ ಮುಂದೆ ಹೇಗಿರಲಿ ಎಂದು. ನನ್ನ ಕೈ ಬಿಟ್ಟ ರಸ್ತೆ ನಿನಗೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಅವ್ವ ಹೇಳಿದ್ದು ಅದನ್ನೇ.

ಇವತ್ತು ಆ ಉರಿ ಇಲ್ಲ. ಹುಷಾರಾಗಿ ಓಡಿಸು ಎಂದು ಬರೆಯಲು ಹೋಗಿ ಅಳಿಸಿದೆ. ನಿನಗೆ ನಾನು ಹೇಳಬೇಕಾದ್ದೇನಿಲ್ಲ.

ನಿನ್ನ
ಯೋಗಾನಂದ

*

ಬ್ರೂಮ್
24 ಜೂನ್ 2025

ನಮ್ಮ ಮನೆಯವರಿಗೆ,

ನಿನ್ನೆ ಮಧ್ಯಾಹ್ನ ಬ್ರೂಮ್ ಸೇರಿದೆವು. ಕೆಂಪು ನೆಲ ಹೋಗಿ ಹೋಗಿ ನೇರ ನೀಲಿ ಸಮುದ್ರಕ್ಕೆ ತಾಗುತ್ತದೆ, ನಡುವೆ ಬಿಳಿ ಮರಳಿನ ಒಂದು ಗೆರೆ ಅಷ್ಟೇ. ಲತಾಮಣಿ ಇಡೀ ದಾರಿ ಹಾಡಿ ಹಾಡಿ ದನಿಯೇ ಕೂತುಹೋಗಿದೆ.

ನಿಮ್ಮ ಕಾಗದ ಎರಡು ಸಲ ಓದಿದೆ. ಕಣ್ಣಿನ ವಿಷಯ ನನಗೆ ಗೊತ್ತಿತ್ತು ರೀ. ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದೆ ಕಣ್ಣಿನ ಡ್ರಾಪ್ಸ್ ಬಚ್ಚಿಟ್ಟರೆ ನರ್ಸ್ ಹೆಂಡತಿಗೆ ಕಾಣುವುದಿಲ್ಲವೇ? ಬಾಗಿಲಿಗೆ ಬಲಭುಜ ತಾಗಿಸಿಕೊಂಡಾಗೆಲ್ಲ ಬಾಗಿಲನ್ನು ಬೈಯುತ್ತಿದ್ದಿರಿ. ಡಬ್ಬಿಯ ಹಿಂದಿನ ಬಾಟಲಿ ಖಾಲಿಯಾಗಿ ಹೊಸದು ಬರುತ್ತಿದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದೆ. ತಪ್ಪದೆ ಹಾಕಿಕೊಳ್ಳುತ್ತಿದ್ದಿರಿ, ಅದಕ್ಕೇ ಸುಮ್ಮನಿದ್ದೆ. ನೀವೇ ಹೇಳಲಿ ಎಂದು ಕಾದೆ. ಹೇಳಿದಿರಿ. ನನಗೆ ಹೊಳೆ ದಾಟುವುದಕ್ಕಿಂತ ಅದು ದೊಡ್ಡದು.

ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿದಾಗ ಅದರ ಬಿಳಿ ಬಣ್ಣ ಯಾರಿಗೂ ಗೊತ್ತಾಗುವಂತಿರಲಿಲ್ಲ. ಕೆಹಕಶಾನ್ ಓಡಿಬಂದು ನಾನು ಇಳಿಯುವ ಮೊದಲೇ ತಬ್ಬಿಕೊಂಡಳು. ಒಳಗೆ ಸುಹಾನಾ ಕಾಲು ಎತ್ತಿ ಕಟ್ಟಿಸಿಕೊಂಡು ಮಲಗಿದ್ದಳು. ಆಪರೇಷನ್ ಮಾಡಿದ ಡಾಕ್ಟರಮ್ಮ ಅಲ್ಲೇ ಇದ್ದರು. ನಮ್ಮ ಧೂಳಿನ ವೇಷ ನೋಡಿ, ಇವರು ಯಾರು ಎಂದು ಕೇಳಿದರು. ಅಮ್ಮನ ಗೆಳತಿಯರು ಎನ್ನಬಹುದಿತ್ತು, ಆಂಟಿಯರು ಎನ್ನಬಹುದಿತ್ತು. ಸುಹಾನಾ ನನ್ನ ಕಡೆ ಕೈ ತೋರಿಸಿ, "ನಮ್ಮ ಡ್ರೈವರ್" ಎಂದಳು. ಡಾಕ್ಟರಮ್ಮ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು ಬಂದು ನನ್ನ ಕೈ ಕುಲುಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಪಾದ ಹೋಗುತ್ತಿತ್ತು ಎಂದರು.

ರೀ, ಮೂವತ್ತಾರು ವರ್ಷ ಕುದೂರಿನಲ್ಲಿ ನನ್ನನ್ನು ಡ್ರೈವರ್ ಹೆಂಡತಿ ಎಂದು ಕರೆದರು, ಆಸ್ಪತ್ರೆಯಲ್ಲಿ ಸಿಸ್ಟರ್ ಎಂದರು. ಎರಡಕ್ಕೂ ನನಗೆ ಹೆಮ್ಮೆಯೇ. ಆದರೆ ನಿನ್ನೆ ಆ ಮಾತು ಕೇಳಿ ನನಗೇ ಗೊತ್ತಿಲ್ಲದಂತೆ ಬೆನ್ನು ನೆಟ್ಟಗಾಯಿತು. ನೀವು ಮೊದಲ ದಿನ ಖಾಕಿ ಹಾಕಿಕೊಂಡು ಹೊರಟಾಗ ಹೀಗೇ ಆಗಿರಬೇಕು ಎಂದುಕೊಂಡೆ.

ಸುಹಾನಾ ಎದ್ದು ನಡೆಯುವ ತನಕ ಕೆಹಕಶಾನ್ ಇಲ್ಲೇ ಇರುತ್ತಾಳೆ. ನಾವಿಬ್ಬರು ಭಾನುವಾರ ಬೆಂಗಳೂರಿನಲ್ಲಿ ಇಳಿಯುತ್ತೇವೆ. ಬುಧವಾರ ನಿಮ್ಮನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಬಸ್ಸಿನಲ್ಲಲ್ಲ. ಜೀಪಿನ ಸೀಟು ಮುಂದಕ್ಕೆ ಎಳೆದುಕೊಳ್ಳುತ್ತೇನೆ, ಕನ್ನಡಿಯನ್ನು ನನ್ನ ಎತ್ತರಕ್ಕೆ ತಿರುಗಿಸಿಕೊಳ್ಳುತ್ತೇನೆ. ಆಮೇಲೆ ಅದನ್ನು ಮತ್ತೆ ನಿಮ್ಮ ಎತ್ತರಕ್ಕೆ ತಿರುಗಿಸುವುದಿಲ್ಲ. ಪಕ್ಕದಲ್ಲಿ ಕೂತು ರಸ್ತೆಯ ಸುದ್ದಿ ಹೇಳುತ್ತಾ ಬನ್ನಿ, ಕೇಳುತ್ತಾ ಓಡಿಸುತ್ತೇನೆ.

ನಿಮ್ಮ
ಧನಲಕ್ಷ್ಮಿ